ಅರ್ಧ ಮಾತ್ರೆಯ ಪಾಲು

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ.

ನನ್ನ ಬೆನ್ನಿಗೆ ಹುಟ್ಟಿದ ಗುಬ್ಬೀ,

ಹೇಗಿದ್ದೀಯ? ಕಾಲು ಹೇಗಿದೆ? ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದೆಯಲ್ಲ, ಅದು ನಿಜವಾಗಿ ಹೋಯಿತೋ, ಇಲ್ಲ ಫೋನಿನಲ್ಲಿ ನನ್ನ ಬಾಯಿ ಮುಚ್ಚಿಸುವುದಕ್ಕೆ ಹೋಯಿತು ಅಂದೆಯೋ? ಮಗಳು, ಅಳಿಯ ಚೆನ್ನಾಗಿದ್ದಾರೆಯೇ? ಆ ಮನೆಯ ಲಿಫ್ಟು ಈಗ ಕೆಡದೆ ಓಡುತ್ತಿದೆಯೇ? ನಿನ್ನ ಬೀಗಿತ್ತಿ ಹೇಗಿದ್ದಾಳೆ ಅಂತ ನಾನು ಕೇಳುವುದಿಲ್ಲ. ಅವಳು ಚೆನ್ನಾಗಿಯೇ ಇರುತ್ತಾಳೆ, ಅಂಥವರಿಗೆ ಏನಾಗುತ್ತದೆ. ನಾನೂ ಚೆನ್ನಾಗಿದ್ದೇನೆ. ಚೆನ್ನಾಗಿಲ್ಲ ಅಂತ ಬರೆದರೆ ನೀನು ಹೋಗಿ ಅವಳಿಗೆ ಓದಿ ಹೇಳುತ್ತೀಯ, ಅವಳು ಅದಕ್ಕೂ ಒಂದು ಮನೆಮದ್ದು ಹೇಳಿಕೊಡುತ್ತಾಳೆ. ಆದ್ದರಿಂದ ಚೆನ್ನಾಗಿದ್ದೇನೆ.

ಫೋನು ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಅಂದುಕೊಳ್ಳಬೇಡ. ಫೋನಿನಲ್ಲಿ ನಾನು ಎರಡನೇ ಮಾತಿಗೆ ಬೈಯುತ್ತೇನೆ, ನೀನು ಮೂರನೇ ಮಾತಿಗೆ ಇಟ್ಟುಬಿಡುತ್ತೀಯ. ಹೋದ ಸಲ ನಾನು ಮಾತ್ರೆಯ ವಿಷಯ ಎತ್ತಿದ್ದೇ ತಡ, ಪಕ್ಕದಿಂದ "ಬಿಡಿ ಅತ್ಲಾಗೆ, ಅವರಿಗೆ ಇದೆಲ್ಲ ಗೊತ್ತಾಗಲ್ಲ" ಅಂತ ಒಂದು ದನಿ ಬಂತು. ಸ್ಪೀಕರ್ ಹಾಕಿಕೊಂಡು ಕೂತಿದ್ದಿರಿ ಇಬ್ಬರೂ. ನನ್ನ ತಂಗಿಯ ಹತ್ತಿರ ನಾನು ಮಾತಾಡುವುದನ್ನು ಮೂರನೆಯವಳು ಸೋಫಾದ ಮೇಲೆ ಕಾಲು ಮಡಿಸಿಕೊಂಡು ಕೇಳಬೇಕೆ? ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನಿನ್ನನ್ನು ನಾನು ಬಲ್ಲೆ, ಹರಿದರೂ ಚೂರು ಜೋಡಿಸಿ ಓದುವವಳು ನೀನು. ಇದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಓದುವಾಗ ಕಾಗುಣಿತ ತಿದ್ದುತ್ತಾ ಕೂರಬೇಡ. ನೀನು ಏಳರವರೆಗೆ ಓದಿದೆ. ಅದೂ ನಾನು ಪುಸ್ತಕ ಮೂಲೆಗಿಟ್ಟು ಅಮ್ಮನ ಪಕ್ಕ ಇಸ್ತ್ರಿ ಮೇಜಿಗೆ ನಿಂತದ್ದರಿಂದ. ಹೇಳಿಕೊಳ್ಳುತ್ತಿಲ್ಲ. ನೆನಪು ಮಾಡಿದೆ, ಅಷ್ಟೆ.

ಅಂಗಡಿ ನಡೆಯುತ್ತಿದೆ. ನೀನಿಲ್ಲದೆ ಬಾಗಿಲು ಹಾಕಿಕೊಂಡು ಹೋಗುತ್ತದೆ ಅಂತ ನೀನು ಅಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ಆದರೆ ಬರುವವರೆಲ್ಲ ಬಾಗಿಲಲ್ಲೇ ನಿಂತು ನನ್ನ ಭುಜದ ಮೇಲಿಂದ ಒಳಗೆ ಇಣುಕುತ್ತಾರೆ. "ಚಿಕ್ಕವರು ಇನ್ನೂ ಬಂದಿಲ್ವಾ?" ಬೆಳಗಾದರೆ ಇದೇ ಹಾಡು. ನಾನೇನು ಇಲ್ಲಿ ಗಿರಾಕಿಗಳಿಗೆ ಗೋಡೆಯ ಮೇಲಿನ ಗಡಿಯಾರವೇ? ಪಿಟೀಲು ನುಡಿಸುವ ಆ ಮುದುಕರು ಮೊನ್ನೆ ಬಿಳಿ ಅಂಗಿ ತೆಗೆದುಕೊಂಡು ಹೋಗಲು ಬಂದರು. ಕಾಲರು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ನೀವು ಮಾಡಿದ್ದು ಚೆನ್ನಾಗೇ ಇದೆ ದೊಡ್ಡಕ್ಕ. ಆದ್ರೂ ಚಿಕ್ಕವರ ಕೈ..." ಅಂದು ಅರ್ಧಕ್ಕೇ ನಿಲ್ಲಿಸಿದರು. ನಾನು ಬಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿ ಅದರ ಸ್ಟ್ಯಾಂಡಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ. ಅವರು ಅಂಗಿ ಕಂಕುಳಲ್ಲಿಟ್ಟುಕೊಂಡು ಹೊರಟರು. ನಿನಗೆ ಇಸ್ತ್ರಿ ಹಿಡಿಯುವುದನ್ನು ಹೇಳಿಕೊಟ್ಟವಳು ನಾನು. ಕಾಲರನ್ನು ತುದಿಯಿಂದ ನಡುವಿಗೆ ತರಬೇಕು, ನಡುವಿನಿಂದ ತುದಿಗೆ ಹೋದರೆ ಸುಕ್ಕು ಕೂರುತ್ತದೆ ಅಂತ ನಿನ್ನ ಕೈ ಹಿಡಿದು ತೋರಿಸಿದವಳು ನಾನು. ಹೆಸರು ಮಾತ್ರ ನಿನ್ನದು. ಔಷಧಿ ಅಂಗಡಿಯವನು ಕೂಡ ನಿನಗಾದರೆ ಒಂದು ಪುದೀನ ಪೆಪ್ಪರ್ಮಿಂಟು ಕೊಟ್ಟು ಕಳಿಸುತ್ತಿದ್ದ. ನನಗೆ ಕೊಟ್ಟದ್ದು ಬರೀ ಒಂದು ಮಾತು: "ನಿಮ್ಮ ತಂಗಿ ಮಾತ್ರೆ ತೊಗೊಳ್ಳೋಕೆ ಬರ್ತಾನೇ ಇಲ್ವಲ್ಲ, ಬೇರೆ ಕಡೆ ತೊಗೋತಿದಾರಾ?" ಏನು ಹೇಳಲಿ ಅವನಿಗೆ? ಹೌದಪ್ಪ, ಈಗ ನಮ್ಮವಳು ಎಲ್ಲವನ್ನೂ ಬೇರೆ ಕಡೆಯೇ ತೆಗೆದುಕೊಳ್ಳುತ್ತಾಳೆ, ಬುದ್ಧಿ ಸಮೇತ, ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಿನಗೆ ಆಗಿದೆ.

ಮಗಳು ಕಳಿಸಿದ ಫೋಟೋ ಬಂತು. ಪಾರ್ಕಿನ ಬೆಂಚಿನ ಮೇಲೆ ನೀವಿಬ್ಬರು. ಇಬ್ಬರಿಗೂ ಒಂದೇ ಬಣ್ಣದ ಸ್ವೆಟರು, ಒಂದೇ ಹೆಣಿಗೆ, ಒಂದೇ ಗುಂಡಿ. ಬೀಗಿತ್ತಿ ತನ್ನ ಕೈಯಾರೆ ಹೆಣೆದು ಹಾಕಿದ್ದಂತೆ. ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ, ಎಲ್ಲಾದರೂ ಒಂದು ಹೊಲಿಗೆ ತಪ್ಪಿದೆಯೋ ಅಂತ. ತಪ್ಪಿಲ್ಲ. ಅದು ಇನ್ನೂ ಉರಿಯಿತು. ಗುಬ್ಬಿ, ಒಂದು ಮಾತು ಕೇಳುತ್ತೇನೆ. ಅಂಗಡಿಗೆ ನಾನು ಒಂದೇ ಥಾನಿನಿಂದ ಇಬ್ಬರಿಗೂ ನೀಲಿ ಮೇಲಂಗಿ ಹೊಲಿಸಿದಾಗ "ಅಯ್ಯೋ ಬೇಡ ಅಕ್ಕ, ಇಬ್ರೂ ಬ್ಯಾಂಡ್ ಸೆಟ್ಟಿನವರ ಥರ ಕಾಣ್ತೀವಿ" ಅಂದವಳು ಯಾರು? ಆ ಅಂಗಿ ಇನ್ನೂ ಮೊಳೆಗೆ ನೇತಾಡುತ್ತಿದೆ. ಮಡಿಕೆ ಕೂಡ ಮುರಿದಿಲ್ಲ. ಅವಳ ಜೊತೆಯಾದರೆ ಬ್ಯಾಂಡ್ ಸೆಟ್ಟು ಆಗಬಹುದು, ನನ್ನ ಜೊತೆ ಆಗಬಾರದು. ಇರಲಿ. ಬೆಂಚಿನ ಮೇಲೆ ನೀನು ಕಾಲು ಅಲ್ಲಾಡಿಸುತ್ತಾ ಕೂತಿರುವುದು ಕಂಡಿತು. ಇಲ್ಲಿ ನನ್ನ ಜೊತೆ ಇದ್ದಾಗ ಆ ಕಾಲನ್ನು ಎತ್ತಿ ಸ್ಟೂಲಿನ ಮೇಲೆ ಇಡಲೂ ನನ್ನ ಕೈ ಬೇಕಿತ್ತು.

ಈಗ ವಿಷಯಕ್ಕೆ ಬರುತ್ತೇನೆ. "ಮಾತ್ರೆ ಬಿಟ್ಟುಬಿಟ್ಟೆ ಅಕ್ಕ. ಕಾಲು ಹಗುರ ಆಗಿದೆ, ಹೂವಿನ ಹಾಗೆ" ಅಂದೆಯಲ್ಲ ಫೋನಿನಲ್ಲಿ, ಆ ದಿನ ನನಗೆ ಏನಾಯಿತು ಗೊತ್ತೇ? ಸಂತೋಷ ಆಗಲಿಲ್ಲ. ಹೊಟ್ಟೆಕಿಚ್ಚಾಯಿತು. ನಾನು ಇಲ್ಲಿ ದಿನಾ ನೀರಿನ ಲೋಟ ಹಿಡಿದು ನಿಂತಿರಬೇಕು, ಹುರಿದದ್ದು ಕಂಡರೆ ಮುಖ ತಿರುಗಿಸಬೇಕು, ನೀನು ಅಲ್ಲಿ ಮಾತ್ರೆ ಬಿಸಾಕಿ ಹೂವಿನ ಹಾಗೆ ತೇಲಾಡಬೇಕು. ನಾನೂ ಬಿಟ್ಟರೆ ಏನಂತೆ ಅಂದುಕೊಂಡೆ. ಮಾತ್ರೆಯ ಪಟ್ಟಿಯನ್ನು ಕಸದ ಡಬ್ಬಿಯ ಮೇಲೆ ಹಿಡಿದೂ ಆಯಿತು. ಆಗ ಅಂಗಡಿಯ ಬಾಗಿಲ ಹತ್ತಿರದ ಬೆಂಚು ಕಣ್ಣಿಗೆ ಬಿತ್ತು.

ಆ ಬೆಂಚಿನ ಕಥೆ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಆವತ್ತು ಹಿಂದೆ ಬಟ್ಟೆ ಹರವುತ್ತಿದ್ದೆ, ನೋಡಿದವಳು ನಾನು. ಅಣ್ಣ ಪೇಂಟಿಂಗ್ ಕೆಲಸಕ್ಕೆ ಹೊರಟಿದ್ದ. ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ಡಾಕ್ಟರು ಅವನಿಗೆ ವರ್ಷದ ಹಿಂದೆಯೇ ಹೇಳಿದ್ದರು, ರಕ್ತದಲ್ಲಿ ಕೊಬ್ಬು ವಿಪರೀತ ಇದೆ, ಮಾತ್ರೆ ಬಿಡಬೇಡ ಅಂತ. "ಎಲ್ಲೂ ನೋವಿಲ್ಲ, ಸುಸ್ತಿಲ್ಲ, ಏಣಿ ಮೇಲೆ ದಿನವಿಡೀ ನಿಲ್ತೀನಿ. ಯಾವ ಕಾಯಿಲೆಗೆ ನುಂಗ್ಲಿ?" ಅಂತ ನಕ್ಕಿದ್ದ. ಒಂದು ಬೂಟಿನ ಲೇಸು ಕಟ್ಟಿದ. ಇನ್ನೊಂದಕ್ಕೆ ಬಗ್ಗಿದವನು "ಗುಬ್ಬೀ" ಅಂದ. ಅಷ್ಟೆ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಕೈಯಲ್ಲಿ ಪೆಟ್ಟಿಗೆ ಹಿಡಿದು. ನನ್ನನ್ನು ಕರೆಯಲಿಲ್ಲ. ಎದುರಿಗಿದ್ದವಳನ್ನು ಬಿಟ್ಟು ಹಿಂದೆ ಇದ್ದವಳನ್ನು ಕರೆದ. ಇಷ್ಟು ವರ್ಷವಾಯಿತು, ಇದನ್ನು ನಿನಗೆ ಹೇಳಿರಲಿಲ್ಲ. ಅವನ ಮೇಲಿನ ದುಃಖ ಎಷ್ಟಿದೆಯೋ ನಿನ್ನ ಮೇಲಿನ ಹೊಟ್ಟೆಕಿಚ್ಚೂ ಅಷ್ಟೇ ಇದೆ, ಎರಡೂ ಒಂದೇ ಬೆಂಚಿನ ಮೇಲೆ ಕೂತಿವೆ. ಸರಿ, ಆ ಬೆಂಚು ನೋಡಿ ಪಟ್ಟಿಯನ್ನು ಡಬ್ಬಿಗೆ ಹಾಕಲಿಲ್ಲ. ಒಳಗೆ ತಂದು ಇಟ್ಟೆ.

ಅವನು ಹೋದ ಮೇಲಲ್ಲವೇ ನಮ್ಮಿಬ್ಬರನ್ನೂ ನಿನ್ನ ಮಗಳು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದು? ಆ ಡಾಕ್ಟರಮ್ಮ ನಿನ್ನ ಮಗಳಿಗಿಂತ ಚಿಕ್ಕವಳು. ನನ್ನನ್ನು "ಅಜ್ಜಿ" ಅಂದಳು, ನಿನ್ನನ್ನು "ಆಂಟಿ" ಅಂದಳು. ನಮ್ಮ ನಡುವೆ ಇರುವುದು ಎರಡೂವರೆ ವರ್ಷ! ನಿನ್ನ ತಲೆಗೂದಲು ಇನ್ನೂ ಕಪ್ಪಗಿರುವುದಕ್ಕೆ ನಾನು ಅಜ್ಜಿ ಆಗಬೇಕೆ? ಆದರೆ ಅವಳು ಚೀಟಿ ಬರೆದಾಗ ನನ್ನ ಮನಸ್ಸು ತಣ್ಣಗಾಯಿತು. ನನಗೆ ನಲವತ್ತು ಮಿಲಿಗ್ರಾಮಿನ ಮಾತ್ರೆ, ನಿನಗೆ ಹತ್ತರದ್ದು. ನನ್ನದು ಉದ್ದಕ್ಕೆ, ದಪ್ಪಕ್ಕೆ, ನೋಡುವುದಕ್ಕೇ ಒಂದು ಗತ್ತು. ನಿನ್ನದು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹುಟ್ಟಿದಾಗಿನಿಂದ ಮೊದಲ ಸಲ ನಿನಗಿಂತ ನನಗೆ ಹೆಚ್ಚು ಸಿಕ್ಕಿತ್ತು. ಹಾದಿಯುದ್ದಕ್ಕೂ ನಾನು ಮೆರೆದೆ, ಸುಳ್ಳು ಯಾಕೆ ಹೇಳಲಿ. ನಿನ್ನ ಮುಖ ಮಾತ್ರ ಉಬ್ಬಿತು. "ಅಕ್ಕನಿಗೆ ನಲವತ್ತು, ನನಗೆ ಹತ್ತಾ? ಅಣ್ಣ ನನಗೂ ಅಣ್ಣ ಅಲ್ವಾ?" ಅಂದೆ. ಮನೆಗೆ ಬಂದು ನೀನು ಸೋಪಿನ ನೀರಿನಲ್ಲಿ ಕೈ ಹಾಕಿಕೊಂಡು ಕೂತೆ. ಮಾರನೆ ದಿನವೂ ಮಾತಿಲ್ಲ. ನೀನು ಮಾತು ಬಿಟ್ಟರೆ ಈ ಅಂಗಡಿಯಲ್ಲಿ ನೀರು ಕುದಿಯುವ ಸದ್ದೊಂದೇ. ನನಗೆ ಅದನ್ನು ತಡೆದುಕೊಳ್ಳಲಾಗುವುದಿಲ್ಲ. ಕೊನೆಗೆ ನಾನೇ, "ಸರಿ ಮಾರಾಯ್ತಿ, ಅಮ್ಮನ ಹಾಗೆ ಮಾಡೋಣ, ತಾ ಇಲ್ಲಿ" ಅಂದೆ.

ಅಮ್ಮನ ಕಾನೂನು ನಮ್ಮ ಮನೆಯಲ್ಲಿ ಮೀರುವ ಹಾಗೇ ಇರಲಿಲ್ಲ. ಏನೇ ಇರಲಿ, ಒಬ್ಬಳು ಕತ್ತರಿಸಬೇಕು, ಇನ್ನೊಬ್ಬಳು ಆರಿಸಬೇಕು. ದೊಡ್ಡವಳು ನಾನು, ಕತ್ತರಿ ಯಾವಾಗಲೂ ನನ್ನ ಕೈಗೆ. ಆರಿಸುವ ಸುಖ ನಿನಗೆ. ಬ್ರೆಡ್ಡು, ಸೋಪು, ರಿಬ್ಬನ್ನು, ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನೀನು ಬೆರಳಿಟ್ಟು ತೋರಿಸುತ್ತಿದ್ದೆ. ಒಂದು ಚಳಿಗಾಲ ಕಂಬಳಿಗೂ ಜಗಳ ಬಂತು, ನೆನಪಿದೆಯೇ? ಅಮ್ಮ ಸಿಟ್ಟಿಗೆದ್ದು ನನ್ನ ಕೈಗೆ ಕತ್ತರಿ ಕೊಟ್ಟಳು. ನಡುವೆ ಕತ್ತರಿಸಿದೆ. ನೀನು ಆರಿಸಿದೆ. ಸಮ ಅಂದರೆ ಸಮ. ಇಬ್ಬರಿಗೂ ಮೊಣಕಾಲಿನಿಂದ ಕೆಳಗೆ ಚಳಿ. ಆ ಚಳಿಗಾಲವಿಡೀ ನಡುಗಿದೆವು, ಆದರೆ ನಿನಗಿಂತ ನನಗೆ ಹೆಚ್ಚು ಚಳಿಯಾಗುತ್ತಿಲ್ಲ ಅನ್ನುವ ಸಮಾಧಾನದಲ್ಲಿ ನಿದ್ದೆ ಬರುತ್ತಿತ್ತು. ಇಂಥ ಹೆಣ್ಣುಗಳ ಕೈಗೆ ಎರಡು ಅಳತೆಯ ಮಾತ್ರೆ ಕೊಟ್ಟರೆ ಇನ್ನೇನಾಗುತ್ತದೆ? ಅಂಗಿಯ ಲೇಬಲ್ ಬಿಚ್ಚುವ ಬ್ಲೇಡು ತಂದೆ. ನನ್ನ ನಲವತ್ತನ್ನು ನಡುವೆ ಸೀಳಿದೆ, ನಿನ್ನ ಹತ್ತನ್ನೂ ಸೀಳಿದೆ. ನೀನು ಕನ್ನಡಕ ಹಾಕಿಕೊಂಡು ಬಂದು ಆರಿಸಿದೆ. ಇಬ್ಬರಿಗೂ ಇಪ್ಪತ್ತೈದು. ನಿನ್ನ ಉಬ್ಬಿದ ಮುಖ ಸರಿಹೋಯಿತು, ಮಾತು ಶುರುವಾಯಿತು, ಪಿಟೀಲಿನವರ ಕಾಲರು ಬೆಳ್ಳಗಾಯಿತು. ಅವತ್ತಿನಿಂದ ರಾತ್ರಿ ಊಟವಾದ ಮೇಲೆ ಬ್ಲೇಡು, ನೀರು, ನಿನ್ನ ಕನ್ನಡಕ. ನನಗೆ ಅದು ರೂಢಿಯಾಗಿಬಿಟ್ಟಿತು. ನಿನಗೂ ಆಗಿತ್ತು, ಇಲ್ಲ ಅನ್ನಬೇಡ.

ಆಮೇಲೆ ನಿನ್ನ ಕಾಲು ಶುರುವಾಯಿತು. ಮೊದಲು ಮೀನಖಂಡ, ಆಮೇಲೆ ತೊಡೆ. ಇಡೀ ದಿನ ನಿಲ್ಲುವ ಕೆಲಸ, ಅದಕ್ಕೇ ಇರಬೇಕು ಅಂತ ನಾನೂ ಅಂದುಕೊಂಡೆ. ಅಮ್ಮನಿಗೂ ಹೀಗೇ ಹಿಡಿಯುತ್ತಿತ್ತು ಅಂತ ಬಿಸಿನೀರಿನ ಚೀಲ ಕಟ್ಟಿದೆ. ನಿನ್ನ ಮಗಳು ಬಂದು, "ದೊಡ್ಡಮ್ಮ, ನಮ್ಮ ಮನೇಲಿ ಲಿಫ್ಟ್ ಇದೆ, ನಿಲ್ಲೋ ಕೆಲಸ ಇಲ್ಲ, ಅಮ್ಮ ಸ್ವಲ್ಪ ದಿನ ಇರ್ಲಿ" ಅಂದಳು. ಕಳಿಸಿದೆ. ನಾನೇ ಚೀಲ ತುಂಬಿ ಕಳಿಸಿದೆ. ಅಲ್ಲಿ ಹೋದರೆ ಸ್ವೆಟರಮ್ಮ ಕಾದುಕೊಂಡಿದ್ದಾಳೆ ಅಂತ ನನಗೇನು ಕನಸು ಬಿದ್ದಿತ್ತೇ? ಅವಳು ನಿನ್ನ ಚೀಲದಿಂದ ಮಾತ್ರೆ ತೆಗೆದು ನೋಡಿದ್ದು, "ಅಯ್ಯೋ, ಇದು ನರ ತಿನ್ನುತ್ತೆ ಬೀಗ್ರೇ, ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ಬಿಡೋ ಹಾಗಿಲ್ಲ" ಅಂದದ್ದು, ನೀನು ತಲೆಯಾಡಿಸಿ ಬಿಟ್ಟುಬಿಟ್ಟದ್ದು. ನಾನು ವರ್ಷಗಟ್ಟಲೆ ಹೇಳಿದ ಯಾವ ಮಾತಿಗಾದರೂ ನೀನು ಅಷ್ಟು ಬೇಗ ತಲೆಯಾಡಿಸಿದ್ದುಂಟೇ? ಸಾಯುವವರೆಗೂ ಬಿಡುವ ಹಾಗಿಲ್ಲವಂತೆ! ಹಲ್ಲುಜ್ಜುವುದನ್ನೂ ಸಾಯುವವರೆಗೂ ಬಿಡುವ ಹಾಗಿಲ್ಲ. ಅವಳನ್ನು ಕೇಳು, ಯಾವಾಗ ಬಿಡುತ್ತಾಳಂತೆ?

ಈಗ ಕೇಳು ಮೊನ್ನೆ ಏನಾಯಿತು ಅಂತ. ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ. ಈ ಸಲ ಕೊಬ್ಬಿನ ಸಂಖ್ಯೆ ಇಳಿದಿರುತ್ತದೆ, ನಿನಗೆ ಫೋನು ಮಾಡಿ ಮೆರೆಯಬೇಕು ಅಂತಲೇ ಹೋದೆ. ಮೆರೆಯುವುದಕ್ಕೇ ಹೋದೆ, ಹೌದು. ಇಳಿದಿಲ್ಲ. ಡಾಕ್ಟರಮ್ಮ ಕಾಗದವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಮಾತ್ರೆ ದಿನಾ ತೊಗೋತಿದೀರಾ ಅಜ್ಜಿ?" ಅಂದಳು. ನನಗೆ ರೇಗಿತು. ಒಂದು ದಿನವೂ ತಪ್ಪಿಸಿಲ್ಲ ತಾಯಿ, ಬೇಕಾದರೆ ನೋಡು ಅಂತ ಅಂಗಡಿಯಲ್ಲಿ ಉದುರಿದ ಗುಂಡಿಗಳನ್ನು ಹಾಕಿಡುತ್ತಿದ್ದ ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಅವಳು ಮುಚ್ಚಳ ತೆರೆದಳು. ಒಳಗೆ ಬರೀ ಅರ್ಧ ಮಾತ್ರೆಗಳು, ಬ್ಲೇಡಿನಿಂದ ನೀಟಾಗಿ ಸೀಳಿದವು, ತುಂಬಿಕೊಂಡಿವೆ. "ಏನಿದು?" ಅಂದಳು. "ಇನ್ನರ್ಧ." "ಯಾವುದರ ಇನ್ನರ್ಧ?" "ನನ್ನ ಮಾತ್ರೇದು. ನಾನು ತೊಗೊಂಡು ಉಳಿದದ್ದು." "ಯಾಕೆ ಉಳಿಸ್ತೀರಿ?" "ಅದು ತಂಗೀದು," ಅಂದೆ.

ಅವಳು ಪೆನ್ನು ಕೆಳಗಿಟ್ಟಳು. ನೀನು ಹೋದ ಮೇಲೂ ನಾನು ಕತ್ತರಿಸುವುದನ್ನು ನಿಲ್ಲಿಸಿರಲಿಲ್ಲ ಗುಬ್ಬಿ. ಬ್ಲೇಡು ಹಿಡಿಯುವುದು, ಸೀಳುವುದು, ಒಂದು ನುಂಗುವುದು, ಇನ್ನೊಂದು ನೀನು ಬಂದ ಮೇಲೆ ಅಂತ ಡಬ್ಬಿಗೆ. ಹೀಗೆ ಮಾಡುವುದು ಪೆದ್ದುತನ ಅಂತ ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅದು ಪೆದ್ದುತನ ಅನ್ನಿಸಿರಲಿಲ್ಲ, ಪಾಲು ಅನ್ನಿಸಿತ್ತು. ನನ್ನ ಬಾಯಿಂದ ಎಲ್ಲವನ್ನೂ ಹೊರಡಿಸಿದಳು. ನಲವತ್ತು, ಹತ್ತು, ಇಪ್ಪತ್ತೈದು. ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಂತಿತು. ಹಾಗಾದರೆ ನಾನು ನನಗೆ ಬೇಕಾದಷ್ಟು ಯಾವತ್ತೂ ನುಂಗಿಯೇ ಇಲ್ಲ. ನೀನು ಇಲ್ಲಿದ್ದಷ್ಟು ದಿನ ನಿನಗೆ ಬರೆದುಕೊಟ್ಟದ್ದರ ಎರಡೂವರೆ ಪಟ್ಟು ನುಂಗಿದ್ದೀಯ. "ಆಂಟಿಗೆ ಕಾಲುನೋವು ಅಂದ್ರಲ್ಲ ಅಜ್ಜಿ, ಅದು ಇದರಿಂದಾನೇ ಇರಬಹುದು" ಅಂದಳು. ಬೇರೆ ಕಾರಣವೂ ಇರಬಹುದು, ರಕ್ತ ನೋಡದೆ ಹೇಳಲಾಗುವುದಿಲ್ಲ. ಆದರೆ ನೋವು ಬಂತು ಅಂತ ಯಾರಿಗೂ ಹೇಳದೆ ಪೂರ್ತಿ ಬಿಟ್ಟು ಕೂರುವುದಕ್ಕಿಂತ ಬಂದು ತೋರಿಸಿದ್ದರೆ ಅಳತೆ ತಗ್ಗಿಸಬಹುದಿತ್ತು, ಬೇರೆ ಜಾತಿಯ ಮಾತ್ರೆ ಕೊಡಬಹುದಿತ್ತು, ದಾರಿ ಬೇಕಾದಷ್ಟಿವೆ ಅಂದಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾವು ಯಾರು? ಇಸ್ತ್ರಿ ಪೆಟ್ಟಿಗೆಯ ಶಾಖದ ಗುಂಡಿ ತಿರುಗಿಸಿ ಕೈ ಸವೆದವರು. ರೇಷ್ಮೆಗೆ ಇಷ್ಟು, ಹತ್ತಿಗೆ ಇಷ್ಟು, ಹೋಟೆಲಿನವರ ದಪ್ಪ ಮೇಜುಬಟ್ಟೆಗೆ ಅಷ್ಟು. ಎಲ್ಲದಕ್ಕೂ ಸಮ ಇರಲಿ ಅಂತ ನಡುವಿನ ಶಾಖ ಇಟ್ಟರೆ ಏನಾಗುತ್ತದೆ? ಮೇಜುಬಟ್ಟೆಯ ಸುಕ್ಕು ಹೋಗುವುದಿಲ್ಲ, ರೇಷ್ಮೆ ಸುಟ್ಟುಹೋಗುತ್ತದೆ. ಕೆಲಸಕ್ಕೆ ಬಂದ ಮೊದಲ ದಿನ ಹೇಳಿಕೊಡುವ ಪಾಠ ಇದು. ಅದನ್ನು ನಾನು ನಿನ್ನ ಮೇಲೆ ಮರೆತೆ. ಹೀಗೆ ಬರೆಯುವಾಗಲೂ ನನಗೆ ಉರಿಯುತ್ತದೆ, ಯಾಕೆಂದರೆ ಈ ಲೆಕ್ಕದಲ್ಲಿ ಮೇಜುಬಟ್ಟೆ ನಾನು, ರೇಷ್ಮೆ ನೀನು. ಡಾಕ್ಟರಮ್ಮನೂ ಅದನ್ನೇ ಹೇಳಿದಳು, ಬೇರೆ ಮಾತಿನಲ್ಲಿ. ನಿನ್ನದು ಸಣ್ಣ ಮೈ, ನಿನ್ನ ಸಂಖ್ಯೆಯೂ ಅಷ್ಟು ಹೆಚ್ಚಿರಲಿಲ್ಲ, ನಿನಗೆ ಪುಟ್ಟದೇ ಸಾಕಿತ್ತು. ನನಗೆ ಸಕ್ಕರೆ ಕಾಯಿಲೆಯೂ ಇದೆ, ಸಂಖ್ಯೆಯೂ ಮೇಲೆ, ಆದ್ದರಿಂದ ದೊಡ್ಡದು. ಅಂದರೆ ನಾನು ಮೆರೆದದ್ದು ಯಾವುದಕ್ಕೆ ನೋಡು! ದೊಡ್ಡ ಮಾತ್ರೆ ದೊಡ್ಡ ಪಾಲು ಅಲ್ಲವಂತೆ, ದೊಡ್ಡ ಕಾಯಿಲೆಯಂತೆ. ಇಲ್ಲಿಯೂ ಒಳ್ಳೆಯ ಪಾಲು ನಿನಗೇ ಹೋಯಿತು. ನಾನು ಕತ್ತರಿಸುವ ಮೊದಲೇ ದೇವರು ನಿನಗೆ ಆರಿಸಿಟ್ಟಿದ್ದ.

ಅಷ್ಟು ಹೊತ್ತೂ ಅವಳು ಕೇಳಿದ್ದು ನಿನ್ನನ್ನೇ. ಆಂಟಿ ಎಲ್ಲಿದ್ದಾರೆ, ಆಂಟಿ ಯಾವಾಗ ಬರುತ್ತಾರೆ, ಆಂಟಿಯ ಫೋನ್ ನಂಬರ್ ಕೊಡಿ. ಎದುರಿಗೆ ಕೂತ ರೋಗಿ ನಾನು, ವಿಚಾರಣೆ ನಿನ್ನದು. "ನಿಮ್ಮದು ಸರಿ ಮಾಡಬಹುದು ಅಜ್ಜಿ, ಇವತ್ತಿನಿಂದ ಪೂರ್ತಿ ನುಂಗಿ. ನನಗೆ ಭಯ ಅವರದ್ದು, ಅವರು ಏನೂ ತೊಗೋತಿಲ್ವಲ್ಲ" ಅಂದಳು. ಸ್ವೆಟರಮ್ಮನ ಬೆಳ್ಳುಳ್ಳಿಯ ವಿಷಯವನ್ನೂ ಹೇಳಿದೆ, ಬೆಳಿಗ್ಗೆ ಎದ್ದು ಜಗಿದು ಬಿಸಿನೀರು ಕುಡಿದರೆ ಕೊಬ್ಬು ಕರಗಿಹೋಗುತ್ತದಂತೆ, ಅವಳ ರಿಪೋರ್ಟು ಕನ್ನಡಿಯ ಹಾಗಿದೆಯಂತೆ ಅಂತ. ಡಾಕ್ಟರಮ್ಮ ಬೆಳ್ಳುಳ್ಳಿಯನ್ನು ಬೈಯಲಿಲ್ಲ, ನನಗೆ ಅದೇ ಬೇಸರ. ತಿನ್ನಲಿ, ನಡೆಯಲಿ, ಒಳ್ಳೆಯದೇ, ಆದರೆ ನಿಮ್ಮ ಮನೆಯ ಕೊಬ್ಬು ಊಟದಿಂದ ಮಾತ್ರ ಬಂದದ್ದಲ್ಲ, ರಕ್ತದಲ್ಲೇ ಬಂದದ್ದು, ನಿಮ್ಮ ಅಣ್ಣನನ್ನು ನೋಡಿ ಅಂದಳು. ಆ ಬೀಗಿತ್ತಿಯ ಮನೆಯಲ್ಲಿ ಎಲ್ಲರೂ ತೊಂಬತ್ತು ದಾಟಿ ಸೊಸೆಯರ ಪ್ರಾಣ ತಿಂದವರು. ಅವಳು ಬೆಳ್ಳುಳ್ಳಿ ಬಿಟ್ಟು ಬೆಣ್ಣೆ ಜಗಿದರೂ ಅವಳ ರಿಪೋರ್ಟು ಕನ್ನಡಿಯೇ. ನೀನು ಅವಳ ಸ್ವೆಟರು ಹಾಕಿಕೊಳ್ಳಬಹುದು ಗುಬ್ಬಿ, ಅವಳ ರಕ್ತ ಹಾಕಿಕೊಳ್ಳಲು ಆಗುವುದಿಲ್ಲ. ನಿನ್ನ ಮೈಯಲ್ಲಿ ಓಡುವುದು ನನ್ನ ರಕ್ತ, ಅಣ್ಣನ ರಕ್ತ. ಅದು ಕೆಟ್ಟದ್ದೇ ಇರಬಹುದು, ಆದರೆ ಅದರಲ್ಲಿ ಅವಳಿಗೆ ಪಾಲಿಲ್ಲ.

ಕಾಲು ಹೂವಿನ ಹಾಗಿದೆ ಅನ್ನುತ್ತೀಯಲ್ಲ, ಅಣ್ಣನ ಕಾಲೂ ಹೂವಿನ ಹಾಗೇ ಇತ್ತು. ಏಣಿ ಹತ್ತುತ್ತಿದ್ದ. ಈ ಕಾಯಿಲೆ ಹಲ್ಲುನೋವಿನ ಹಾಗೆ ಕೂಗಿ ಹೇಳುವುದಿಲ್ಲ, ಮಾತ್ರೆಯೂ ಹಲ್ಲುನೋವಿನ ಮಾತ್ರೆಯ ಹಾಗೆ ನುಂಗಿದ ಕೂಡಲೇ ಹಾಯ್ ಅನ್ನಿಸುವುದಿಲ್ಲ. ಏನೂ ಆಗದೆ ಇರುವುದೇ ಅದರ ಕೆಲಸ. ಏನೂ ಆಗಲಿಲ್ಲವಲ್ಲ ಅಂತ ಬಿಟ್ಟರೆ ಆಗುತ್ತದೆ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ, ಏಳನೇ ಕ್ಲಾಸಿನವಳು ನೀನು, ಅರ್ಥ ಮಾಡಿಕೋ.

ನಾನು ಈಗ ಪೂರ್ತಿ ನುಂಗುತ್ತಿದ್ದೇನೆ. ಮೊದಲ ದಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಇಡಿಯ ಮಾತ್ರೆ ಎಂದಾದರೂ ನುಂಗಿದ್ದರೆ ತಾನೆ! ಬ್ಲೇಡನ್ನು ಲೇಬಲ್ಲಿನ ಕೆಲಸಕ್ಕೆ ಹಾಕಿದ್ದೇನೆ. ಡಬ್ಬಿಯ ಅರ್ಧಗಳನ್ನು ಡಾಕ್ಟರಮ್ಮನೇ ತೆಗೆದುಕೊಂಡು, ಡಬ್ಬಿ ಮಾತ್ರ ಒರೆಸಿ ಕೊಟ್ಟಳು. ಖಾಲಿ ಡಬ್ಬಿ ಅಲ್ಲಾಡಿಸಿದರೆ ಸದ್ದಿಲ್ಲ. ರಾತ್ರಿ ಊಟವಾದ ಮೇಲೆ ಕೈ ಇನ್ನೂ ಬ್ಲೇಡಿನ ಕಡೆ ಹೋಗುತ್ತದೆ. ಎದುರಿಗೆ ಕೂತು ಆರಿಸುವವಳಿದ್ದರೆ ತಾನೆ ಕತ್ತರಿಸುವುದರಲ್ಲೂ ಒಂದು ಸುಖ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮಗಳಿಗೆ ಹೇಳು, ಅವಳೂ ಒಮ್ಮೆ ರಕ್ತ ನೋಡಿಸಿಕೊಳ್ಳಬೇಕಂತೆ, ನಮ್ಮ ಮನೆಯ ಹುಡುಗಿ ಅವಳು. ನಿನ್ನ ಬೀಗಿತ್ತಿಗೆ ನಾನು ಕೇಳಿದೆ ಅಂತ ಹೇಳು, ಹೇಳದಿದ್ದರೂ ನಡೆಯುತ್ತದೆ. ನಿನಗೆ ಆಯಸ್ಸು ಇರಲಿ, ನನ್ನದಕ್ಕಿಂತ ಒಂದು ದಿನವಾದರೂ ಹೆಚ್ಚಿರಲಿ. ಅದೊಂದನ್ನು ಮಾತ್ರ ಸಮ ಮಾಡುವುದು ಬೇಡ.

ಇಂತಿ,
ಬ್ಯಾಂಡ್ ಸೆಟ್ಟಿನ ಇನ್ನೊಬ್ಬಳು,
ನಿನ್ನ ಅಕ್ಕ.

ಮರೆತಿದ್ದೆ: ಇಪ್ಪತ್ತೈದನೇ ತಾರೀಕು ಗುರುವಾರ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ನಿನಗೂ ಹೆಸರು ಬರೆಸಿದ್ದೇನೆ, ನನ್ನ ಮುಂದಿನದೇ. ಅಲ್ಲಿಯವರೆಗೆ ನೀನಾಗಿ ಯಾವ ಮಾತ್ರೆಯನ್ನೂ ಮುಟ್ಟಬೇಡ, ಬಂದು ಅವಳು ಹೇಳಿದಷ್ಟು ಮಾತ್ರ. ಹಿಂದಿನ ದಿನ, ಬುಧವಾರದ ಬಸ್ಸಿಗೆ ಬಾ, ಸ್ವೆಟರು ಅಲ್ಲೇ ಬಿಟ್ಟು ಬಾ, ಮೊಳೆಯ ಮೇಲಿನ ನೀಲಿ ಅಂಗಿಗೆ ಇವತ್ತು ಇಸ್ತ್ರಿ ಹಾಕಿದ್ದೇನೆ. ಇನ್ನೊಂದು ಮಾತು. ಮಾತ್ರೆ ಅರ್ಧ ಮಾಡುವ ಉಪಾಯ ಯಾರದ್ದು ಅಂತ ಅವಳು ಕೇಳಿದಳು. ಪೂರ್ತಿ ನಿನ್ನದೇ, ಹಠ ಹಿಡಿದು ಮಾಡಿಸಿದೆ, ನಾನು ಪಾಪದವಳು, ನೀನು ಹೇಳಿದ್ದಕ್ಕೆ ತಲೆಯಾಡಿಸಿದೆ ಅಂತ ಹೇಳಿದ್ದೇನೆ. ನಂಬಿಬಿಟ್ಟಳು. "ಆಂಟಿ ಅಷ್ಟೊಂದು ದಡ್ಡಿನಾ?" ಅಂದಳು, ನಾನು ಸುಮ್ಮನಿದ್ದೆ. ನೀನು ಬಾರದಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಅದು ನಿನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಅಂತ ನನಗೆ ಗೊತ್ತು. ಬಾ, ಬಂದು ಅವಳ ಎದುರಿಗೇ ನನ್ನ ಜೊತೆ ಜಗಳವಾಡು.